ಪುಸ್ತಕದ ನಡುವೆ ಟ್ಯೂಬ್ ಬದಲಿಸಬಾರದು

ಮಾರ್ಚ್ 3, ಸೋಮವಾರ

ಪ್ರಕಾಶನದ ಆಡಿಯೋಬುಕ್ ವಿಭಾಗದ ಸಂಪಾದಕಿಯಿಂದ ಉತ್ತರ ಬಂತು. ನಾನು ಓದಿ ಕಳಿಸಿದ್ದ ಮೊದಲ ಮೂರು ಅಧ್ಯಾಯಗಳನ್ನು ಕೇಳಿದ್ದಾಳೆ. ‘ಉಚ್ಚಾರದಲ್ಲಿ ಒಂದು ತಪ್ಪೂ ಸಿಗಲಿಲ್ಲ ಮೇಡಂ. ಆದ್ರೆ ತಣ್ಣಗಿದೆ. ಸ್ವಲ್ಪ ಬೆಚ್ಚಗೆ ಬರಬೇಕು. ಈ ತಿಂಗಳೊಳಗೆ ಇನ್ನೊಂದ್ಸಲ ಮಾಡಿ ಕಳಿಸಿ. ಆಗಲೂ ಹೊಂದದಿದ್ರೆ ಬೇರೆ ಧ್ವನಿ ನೋಡಬೇಕಾಗುತ್ತೆ.’

ಒಂದು ತಪ್ಪೂ ಸಿಗಲಿಲ್ಲ ಎಂಬುದನ್ನು ಓದಿ ಮೊದಲು ಖುಷಿಯಾಯಿತು. ಎರಡನೆಯ ಸಲ ಓದಿದಾಗ ದೂರು ಅದೇ ಇರಬಹುದು ಅನ್ನಿಸಿತು. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವಳು ನಾನು. ಕನ್ನಡವನ್ನು ಗಟ್ಟಿಯಾಗಿ ಓದುವಾಗ ಇವತ್ತಿಗೂ ತಲೆಯೊಳಗೆ ಒಬ್ಬ ಟೀಚರ್ ಕೂತು ಶ, ಷ, ಸ ತಪಾಸಣೆ ಮಾಡುತ್ತಿರುತ್ತಾಳೆ. ಇಷ್ಟು ವರ್ಷ ನನಗೆ ಕೆಲಸ ಕೊಟ್ಟಿದ್ದು ಈ ಎಚ್ಚರವೇ. ಫೋನಿನಲ್ಲಿ ‘ಖಾತೆಯ ವಿವರಗಳಿಗಾಗಿ ಒಂದನ್ನು ಒತ್ತಿ’ ಎನ್ನುವವಳು ನಾನೇ. ಲಿಫ್ಟಿನಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವವಳೂ ನಾನೇ. ಕಾದಂಬರಿ ಮಾತ್ರ ಇದೇ ಮೊದಲು. ದೋಣಿ ಕಟ್ಟುವ ಮನೆತನವೊಂದರ ದೊಡ್ಡ ಕಥೆ. ಇದು ಕೈತಪ್ಪಿದರೆ ಮತ್ತೆ ಒಂದನ್ನು ಒತ್ತಿ, ಎರಡನ್ನು ಒತ್ತಿ.

ಮಧ್ಯಾಹ್ನವೆಲ್ಲ ನನ್ನ ರೆಕಾರ್ಡಿಂಗನ್ನೇ ಕೇಳಿಕೊಂಡು ಕೂತಿದ್ದೆ. ತಣ್ಣಗಿದೆ, ನಿಜ. ತಪ್ಪು ಮೈಕಿನದು ಎಂದು ತೋರುತ್ತದೆ. ನನ್ನದು ಟ್ಯೂಬ್ ಮೈಕ್. ಹಳೆಯ ರೇಡಿಯೋಗಳ ಒಳಗೆ ಇರುತ್ತಿತ್ತಲ್ಲ, ಅಂಥದೇ ಬೆರಳುದ್ದದ ಒಂದು ಗಾಜಿನ ಟ್ಯೂಬ್ ಇದರ ಹೊಟ್ಟೆಯಲ್ಲೂ ಕೆಂಪಗೆ ಉರಿಯುತ್ತಿರುತ್ತದೆ. ಧ್ವನಿಗೆ ಮೈ ಬರುವುದು ಅದರಿಂದ. ಕೊಂಡಾಗ ಕಂಪನಿಯವರು ಹಾಕಿದ್ದ ಸಾಧಾರಣ ಟ್ಯೂಬೇ ಇನ್ನೂ ಇದೆ. ಒಳ್ಳೆಯದನ್ನು ಹಾಕಿದರೆ ಧ್ವನಿ ಬೆಚ್ಚಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ಎಲ್ಲರೂ ಎಂದರೆ ಯಾರು? ಟ್ಯೂಬ್ ಬದಲಿಸಿದವರು.

ಮಾರ್ಚ್ 5, ಬುಧವಾರ

ಟ್ಯೂಬ್ ಮೇಷ್ಟ್ರ ಅಂಗಡಿಗೆ ಹೋಗಿದ್ದೆ. ಮುಂಚೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರಂತೆ, ಈಗ ಹಳೆಯ ಆಂಪ್ಲಿಫೈಯರ್‌ಗಳನ್ನು ಬಿಚ್ಚಿ ಹರವಿಕೊಂಡು ಅವುಗಳ ನಡುವೆ ಕೂತಿರುತ್ತಾರೆ. ಕೌಂಟರಿನ ಈಚೆ ನಿಂತವರೆಲ್ಲ ಅವರಿಗೆ ಇನ್ನೂ ಮೊದಲ ವರ್ಷದ ವಿದ್ಯಾರ್ಥಿಗಳು.

‘ಈಗಿರೋ ಟ್ಯೂಬು ನಿಮ್ಮ ಗಂಟಲನ್ನ ನೀರಲ್ಲಿ ಅದ್ದಿ ಹೊರಗೆ ಬಿಡ್ತಾ ಇದೆ. ಇದನ್ನ ಹಾಕಿ. ಬೆಣ್ಣೆ ಸವರಿದ ಹಾಗೆ ಬರುತ್ತೆ ಮಾತು.’

‘ಅಷ್ಟೊಂದು ವ್ಯತ್ಯಾಸ ಆಗುತ್ತಾ ಸರ್?’

‘ಕಿವಿ ಇದ್ದವರಿಗೆ ಆಗುತ್ತೆ.’

ಹೀಗೆ ಹೇಳಿದ ಮೇಲೆ ಬೇಡ ಎನ್ನುವುದು ಹೇಗೆ? ಸೂಚನೆಗಳನ್ನೂ ಕೊಟ್ಟರು. ಗಾಜಿಗೆ ಬೆರಳಿನ ಜಿಡ್ಡು ತಾಗಬಾರದು. ಹಾಕಿದ ಮೇಲೆ ಟ್ಯೂಬ್ ಪಳಗಲು ಒಂದಷ್ಟು ದಿನ ಬೇಕು, ಮೊದಲ ದಿನವೇ ತೀರ್ಮಾನ ಮಾಡಬಾರದು. ಹಳೆಯದನ್ನು ಎಸೆಯಬಾರದು, ಅವರಿಗೆ ತಂದು ಕೊಡಬೇಕು. ‘ಅದು ಬೇರೆ ಯಾವುದಕ್ಕಾದ್ರೂ ಆಗುತ್ತೆ. ಮಾತಾಡದೇ ಇರೋ ಮಷೀನಿಗೆ.’

ಮನೆಗೆ ಬಂದರೆ ಗಂಡನ ಫೋನು: ಅತ್ತೆಯವರ ಕಣ್ಣಿನ ಆಪರೇಷನ್ ಶುಕ್ರವಾರ, ಮರುದಿನವೇ ನಮ್ಮಲ್ಲಿಗೆ ಕರೆದುಕೊಂಡು ಬರುವುದು, ಕಣ್ಣು ಗುಣವಾಗುವವರೆಗೆ ಇಲ್ಲೇ. ಆಗಲಿ ಎಂದೆ. ಅತ್ತೆಯವರಿಗೂ ನನಗೂ ಜಗಳವೆಂಬುದು ಒಮ್ಮೆಯೂ ಆಗಿಲ್ಲ. ಹೆಚ್ಚು ಮಾತೂ ಆಗಿಲ್ಲ ಎಂಬುದು ಇದನ್ನು ಬರೆಯುವಾಗ ಹೊಳೆಯಿತು.

ಮಾರ್ಚ್ 8, ಶನಿವಾರ

ಅತ್ತೆಯವರು ಬಂದರು. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ. ಓದುವ ಹಾಗಿಲ್ಲ, ಟಿವಿ ನೋಡುವ ಹಾಗಿಲ್ಲ, ತಲೆ ಬಗ್ಗಿಸುವ ಹಾಗಿಲ್ಲ. ಗೆಳತಿಯೊಬ್ಬರ ಜೊತೆ ಸೇರಿ ಗುಂಡಿ, ಲೇಸು, ಜಿಪ್ಪುಗಳ ಸಣ್ಣ ಅಂಗಡಿ ನಡೆಸುವವರು ಅವರು. ಒಂದು ದಿನವೂ ಸುಮ್ಮನೆ ಕೂತವರಲ್ಲ. ಒಳಗೆ ಬರುತ್ತಲೇ ಆ ಗೆಳತಿಗೆ ಫೋನು ಮಾಡಿಸಿದರು. ‘ಬಿಳಿ ಗುಂಡಿ ಬೇರೆ, ಹಾಲುಬಿಳಿ ಬೇರೆ. ನಾನಿಲ್ಲ ಅಂತ ಎರಡನ್ನೂ ಬೆರೆಸಿ ಇಟ್ಟೀಯ.’

ಕಣ್ಣಿಗೆ ಹನಿ ಹಾಕುವ ಕೆಲಸ ಹಗಲಿನಲ್ಲಿ ನನ್ನದು. ಇದುವರೆಗೆ ಅವರ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ‘ನೋವಾಯಿತಾ?’ ಎಂದೆ. ‘ಇಲ್ಲಮ್ಮ’ ಎಂದರು. ಇಬ್ಬರೂ ಬಹಳ ಸಭ್ಯರು.

ಮಾರ್ಚ್ 10, ಸೋಮವಾರ

ಟ್ಯೂಬ್ ಹಾಕಿದ್ದಾಯಿತು.

ಕರೆಂಟು ತೆಗೆದು, ಮೈಕ್ ಪೂರ್ತಿ ತಣ್ಣಗಾಗುವವರೆಗೆ ಕಾದೆ. ಬುಡದ ಉಂಗುರ ತಿರುಗಿಸಿದರೆ ಲೋಹದ ಅಂಗಿ ಜಾರಿ ಬರುತ್ತದೆ. ಹಳೆಯ ಟ್ಯೂಬನ್ನು ಅಲುಗಿಸಿ ಅಲುಗಿಸಿ ಮೇಲಕ್ಕೆ ಎಳೆದು, ಹೊಸದರ ಪಕ್ಕದಲ್ಲಿ ಟವೆಲಿನ ಮೇಲೆ ಮಲಗಿಸಿದೆ. ಜಿಡ್ಡು ಇರಬಾರದು ಎಂದಿದ್ದರಲ್ಲ, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಹೊಸದನ್ನು ಒರೆಸಿದೆ. ಹಳೆಯದನ್ನು ಮೇಷ್ಟ್ರಿಗೆ ಕೊಳಕಾಗಿ ಹೇಗೆ ಕೊಡುವುದೆಂದು ಅದನ್ನೂ ಒರೆಸಿದೆ. ಬಟ್ಟೆಯ ಮೇಲೆ ಬಿಳಿ ಪುಡಿ. ನೋಡಿದರೆ ಗಾಜಿನ ಮೇಲಿದ್ದ ಅಕ್ಷರಗಳು ಎರಡರಲ್ಲೂ ಅಳಿಸಿಹೋಗಿದ್ದವು. ಅಷ್ಟು ಹಗುರವಾಗಿ ಅಚ್ಚು ಹಾಕಿರುತ್ತಾರೆಂದು ಯಾರಿಗೆ ಗೊತ್ತು?

ಅಷ್ಟರಲ್ಲಿ ಅತ್ತೆಯವರು ಕರೆದರು. ಹನಿ ಹಾಕಿ, ಕಾಫಿ ಮಾಡಿ ಕೊಟ್ಟು ಬಂದು, ಬಲಗಡೆ ಇದ್ದ ಹೊಸ ಟ್ಯೂಬನ್ನು ಕೂರಿಸಿ ಮುಚ್ಚಿದೆ. ಹಳೆಯದು ಹತ್ತಿಯ ಜೊತೆ ಡಬ್ಬಿಗೆ ಹೋಯಿತು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಒಂದು ಪುಟ ಓದಿ ಕೇಳಿದೆ. ಬೆಚ್ಚಗಿದೆ. ಖಂಡಿತ ಬೆಚ್ಚಗಿದೆ.

ಸಂಜೆ ಮತ್ತೆ ಕೇಳಿದೆ. ಬೆಚ್ಚಗಿದೆಯೇ? ಬೆಚ್ಚಗಿರಲಿ ಎಂಬ ಆಸೆ ಎಷ್ಟು, ಕಿವಿಗೆ ನಿಜವಾಗಿ ಬಿದ್ದಿದ್ದು ಎಷ್ಟು, ಬಿಡಿಸಿ ಹೇಳಲಾರೆ. ಪಳಗಬೇಕು ಎಂದಿದ್ದಾರಲ್ಲ, ಕಾಯೋಣ.

ಮಾರ್ಚ್ 13, ಗುರುವಾರ

ರೆಕಾರ್ಡಿಂಗ್ ಕೋಣೆ ಎಂದರೆ ನಮ್ಮ ಸಾಮಾನಿನ ಕೋಣೆಯೇ. ಗೋಡೆಗೆ ಕಂಬಳಿ, ಬಾಗಿಲಿಗೆ ಎರಡು ಪದರ ಪರದೆ. ನಾನು ಓದುವಾಗ ಫ್ಯಾನು ಬಂದ್, ಮಿಕ್ಸಿ ಬಂದ್, ಫ್ರಿಜ್ಜೂ ಬಂದ್. ‘ಫ್ರಿಜ್ಜಿಗೂ ಬಾಯಿ ಮುಚ್ಚು ಅನ್ನೋ ಮನೆ ಇದೊಂದೇ’ ಎನ್ನುತ್ತಾನೆ ಗಂಡ. ಮತ್ತೆ ಹಾಕಲು ಮರೆಯದಿರಲೆಂದು ಮನೆಯ ಬೀಗದಕೈಯನ್ನು ಫ್ರಿಜ್ಜಿನೊಳಗೇ ಇಡುತ್ತೇನೆ, ಹೊರಗೆ ಹೊರಟರೆ ಅದನ್ನು ತೆಗೆಯಲೇಬೇಕಲ್ಲ.

ಇವತ್ತು ಓದಿ ಹೊರಗೆ ಬಂದರೆ ಅತ್ತೆಯವರು ನಡುಮನೆಯ ಕತ್ತಲಲ್ಲಿ ಒಬ್ಬರೇ ಕೂತಿದ್ದರು. ನನ್ನ ಅಪ್ಪಣೆಯ ಪ್ರಕಾರ ರೇಡಿಯೋವನ್ನೂ ಹಚ್ಚದೆ.

‘ಒಳಗೆ ಏನು ಓದ್ತೀಯಮ್ಮ?’

‘ಕಾದಂಬರಿ.’

‘ಅಲ್ಲೇ ಒಂದು ಮೂಲೇಲಿ ನಾನೂ ಕೂತಿರ್ಲಾ? ಉಸಿರು ಕೂಡ ಬಿಡೋದಿಲ್ಲ.’

ಬೇಡವೆನ್ನಲು ಬಾಯಿ ಬರಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರಿದ್ದರೆ ಬಟ್ಟೆಯ ಸರಬರ, ಕೆಮ್ಮು, ಕುರ್ಚಿಯ ಕಿರ್ರೆಂಬ ಸದ್ದು ಇರುತ್ತವೆ. ಕೊನೆಗೆ ಕುರ್ಚಿ ಬೇಡವೆಂದು ಅತಿಥಿಗಳ ದಪ್ಪ ಹಾಸಿಗೆಯನ್ನು ಎಳೆದು ತಂದು ಮೂಲೆಗೆ ಹಾಕಿದೆ. ಗೋಡೆಗೆ ದಿಂಬು.

ಮಾರ್ಚ್ 14, ಶುಕ್ರವಾರ

ಮೊದಲ ಅಧ್ಯಾಯವನ್ನು ಆರಂಭದಿಂದ ಓದಿದೆ. ಅತ್ತೆಯವರು ಮಾತಿಗೆ ತಕ್ಕಂತೆ ಅಲುಗಲಿಲ್ಲ. ರೆಕಾರ್ಡಿಂಗಿನ ಕೆಂಪು ದೀಪ ಆರಿಸಿದ ಮೇಲೆ ಕೇಳಿದರು, ‘ಕಥೇಲಿ ಅವಳು ಮೈದುನನಿಗೆ ಬೈತಾ ಇದ್ಳಲ್ಲ, ಹಲಗೆ ಕದ್ದ ಅಂತ?’

‘ಹೌದು.’

‘ಬೈದಿದ್ದಾ ಅದು? ನಾನು ಅರ್ಜಿ ಕೊಡ್ತಾ ಇದ್ದಾಳೆ ಅಂದ್ಕೊಂಡೆ.’

ನಾನು ವೈರು ಸುತ್ತತೊಡಗಿದೆ. ಅವರು ದಿಂಬಿನಿಂದ ಏಳುತ್ತ, ‘ಬೈಗುಳಕ್ಕೆ ಒಂದನ್ನು ಒತ್ತಿ’ ಎಂದರು, ನನ್ನದೇ ಧ್ವನಿಯಲ್ಲಿ, ಒಂದು ಅಕ್ಷರವೂ ಹಾಳಾಗದಂತೆ.

ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಬೇಜಾರೂ ಆಯಿತು. ಈಗ ಬರೆಯುವಾಗ ಮತ್ತೆ ನಗು.

ಮಾರ್ಚ್ 15, ಶನಿವಾರ

ಬೈಗುಳದ ಆ ಪುಟವನ್ನೇ ಮತ್ತೆ ಓದಿದೆ. ಆ ಟ್ಯೂಬ್ ಪಳಗುತ್ತಿರಬೇಕು, ಇವತ್ತು ಸ್ವಲ್ಪ ಮೈ ಬಂದಿದೆ.

ಮಾರ್ಚ್ 17, ಸೋಮವಾರ

ಕಪ್ಪು ಕನ್ನಡಕದಿಂದಾಗಿ ಅತ್ತೆಯ ಮುಖ ನೋಡಿ ಏನೂ ತಿಳಿಯುವುದಿಲ್ಲ. ಆದರೆ ಕಾಲು ಚಾಚಿ ಕೂರುತ್ತಾರೆ, ಬಲಗಾಲಿನ ಹೆಬ್ಬೆರಳು ಸದಾ ಅಲ್ಲಾಡುತ್ತಿರುತ್ತದೆ, ಹೊಲಿಗೆ ಮಷೀನು ತುಳಿಯುವವರ ಹಾಗೆ. ಇವತ್ತು ಎರಡನೆಯ ಅಧ್ಯಾಯ. ಕಿರಿಸೊಸೆ ಹೊಸದಾಗಿ ಮನೆಗೆ ಬಂದವಳು, ಹಿತ್ತಲಿನ ದೊಡ್ಡ ಶೆಡ್ಡಿಗೆ ಯಾವಾಗಲೂ ಬೀಗ ಯಾಕೆ ಎಂದು ಎಲ್ಲರ ಮುಂದೆ ಕೇಳಿಬಿಡುತ್ತಾಳೆ. ಊಟಕ್ಕೆ ಕೂತವರ ಕೈ ಅಲ್ಲಲ್ಲೇ ನಿಲ್ಲುತ್ತದೆ. ಆ ಸಾಲು ಓದುವಾಗ ಕಣ್ಣು ಹೇಗೋ ಮೂಲೆಗೆ ಹೋಯಿತು. ಹೆಬ್ಬೆರಳು ನಿಂತಿತ್ತು.

ಮುಂದಿನ ಪುಟದಲ್ಲಿ ಊರಿನ ವರ್ಣನೆ. ಹೆಬ್ಬೆರಳು ಮತ್ತೆ ಶುರು. ನಾನು ಸ್ವಲ್ಪ ಬೇಗ ಬೇಗ ಓದಿ, ಕಥೆ ದೋಣಿ ಕಟ್ಟುವ ಜಾಗಕ್ಕೆ ಬಂದಾಗ ನಿಧಾನ ಮಾಡಿದೆ. ನಿಂತಿತು.

ಮೈಕಿನ ಮುಂದೆ ಗಮನ ಬೇರೆಡೆಗೆ ಹೋಗಬಾರದು, ಇದು ಒಳ್ಳೆಯ ಅಭ್ಯಾಸವಲ್ಲ. ನಾಳೆಯಿಂದ ಪುಟದ ಮೇಲೆ ಕಣ್ಣಿಡಬೇಕು.

ಮಾರ್ಚ್ 18, ಮಂಗಳವಾರ

ಇಡಲಿಲ್ಲ.

ಮಾರ್ಚ್ 20, ಗುರುವಾರ

ಅಡುಗೆಮನೆಯಲ್ಲಿ ಚರ್ಚೆ. ಕಾದಂಬರಿಯ ದೊಡ್ಡಣ್ಣ ಅರ್ಧ ಕಟ್ಟಿದ ದೋಣಿಯನ್ನು ಶೆಡ್ಡಿನಲ್ಲಿ ಬೀಗ ಹಾಕಿ ಇಟ್ಟಿದ್ದು ದುಃಖದಿಂದಲೋ ಹಟದಿಂದಲೋ? ದುಃಖ ಎಂದೆ ನಾನು.

‘ದುಃಖ ಇದ್ದೋನು ಬೀಗದಕೈನ ಸೊಂಟಕ್ಕೆ ಸಿಕ್ಕಿಸ್ಕೊಂಡು ತಿರುಗ್ತಾನಾ? ಎಲ್ಲೋ ಇಟ್ಟು ಮರೀತಾನೆ. ಇವನದು ಹಟ,’ ಎಂದರು ಅತ್ತೆ.

‘ಎರಡೂ ಇರಬಾರದಾ ಅತ್ತೆ?’

‘ಇರುತ್ತೆ. ನಿನ್ನ ಮಾವನಿಗೆ ಎರಡೂ ಇತ್ತು.’

ಮಾವನವರನ್ನು ನಾನು ನೋಡಿಲ್ಲ. ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಕೇಳುತ್ತ ಕೂತೆ. ಗಂಡ ಬರುವ ಹೊತ್ತಿಗೆ ಅಡುಗೆ ಆಗಿರಲಿಲ್ಲ. ಬ್ರೆಡ್ಡು ತಿಂದೆವು.

ಮಾರ್ಚ್ 22, ಶನಿವಾರ

ಮೂರೂ ಅಧ್ಯಾಯ ಕಳಿಸಿದೆ. ಕಳಿಸುವ ಮುಂಚೆ ಪೂರ್ತಿ ಕೇಳಲೇಬೇಕೆಂದಿದ್ದೆ, ನಡುವೆ ಎಲ್ಲೋ ಪರೀಕ್ಷೆ ಮಾಡುವುದನ್ನು ಬಿಟ್ಟು ಕಥೆ ಕೇಳುತ್ತ ಕೂತುಬಿಟ್ಟೆ.

ಮಾರ್ಚ್ 26, ಬುಧವಾರ

ಸಂಪಾದಕಿ ಬರೆಯಲಿಲ್ಲ, ಫೋನನ್ನೇ ಮಾಡಿದಳು.

‘ಏನ್ ಮಾಡಿದ್ರಿ ಮೇಡಂ? ನಮ್ಮ ಆಫೀಸಲ್ಲಿ ಎಲ್ಲರೂ ಹೆಡ್‌ಫೋನ್ ಕಿತ್ಕೊಂಡು ಕಿತ್ಕೊಂಡು ಕೇಳಿದ್ವಿ. ಬೈಗುಳ ಅಂತೂ, ನಮ್ಮ ಚಿಕ್ಕಮ್ಮ ನೆನಪಾದ್ರು.’

‘ಮೈಕಿನ ಟ್ಯೂಬ್ ಬದಲಾಯಿಸಿದೆ.’

‘ಟ್ಯೂಬಿಗೆ ಇಷ್ಟೊಂದು ಶಕ್ತಿ ಇದೆಯಾ? ಹಾಗಾದ್ರೆ ಪುಸ್ತಕ ಪೂರ್ತಿ ನಿಮ್ಮದೇ. ಒಂದೇ ಮಾತು, ಕೊನೇವರೆಗೂ ಧ್ವನಿ ಹೀಗೇ ಇರಬೇಕು. ನಡುವೆ ಬದಲಾದ್ರೆ ಕೇಳೋರಿಗೆ ತಕ್ಷಣ ಗೊತ್ತಾಗುತ್ತೆ.’

ಪುಸ್ತಕ ನನ್ನದು. ಇದನ್ನು ಇನ್ನೊಂದು ಸಲ ಬರೆಯುವ ಆಸೆ: ಪುಸ್ತಕ ನನ್ನದು.

ಮೇಷ್ಟ್ರಿಗೂ ಫೋನು ಮಾಡಿ ಹೇಳಿದೆ. ‘ನಾನು ಹೇಳ್ಲಿಲ್ವಾ?’ ಎಂದರು. ಆ ಮೇಲೆ ಬಹಳ ಹೊತ್ತು ಹೇಳಿದರು.

ಮಾರ್ಚ್ 28, ಶುಕ್ರವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಹಳೆಯ ಟ್ಯೂಬನ್ನು ಕೊಡಲು ಮೇಷ್ಟ್ರಲ್ಲಿಗೆ ಹೋದೆ. ಅಂಗಡಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ತಂದಿದ್ದ ಒಬ್ಬ ಗಿರಾಕಿ ಇದ್ದ. ‘ಇವರನ್ನ ಕೇಳಿ. ಒಂದು ಟ್ಯೂಬು, ಧ್ವನೀನೇ ಬೇರೆ ಆಗಿದೆ,’ ಎಂದು ನನ್ನನ್ನು ತೋರಿಸಿ, ಡಬ್ಬಿ ತೆರೆದು ಟ್ಯೂಬನ್ನು ದೀಪಕ್ಕೆ ಹಿಡಿದರು. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು.

‘ಇದನ್ನ ಯಾಕೆ ವಾಪಸ್ ತಂದ್ರಿ?’

‘ಹಳೇದು ಬೇಕು ಅಂದ್ರಲ್ಲ ಸರ್.’

‘ಇದು ನಾನು ಕೊಟ್ಟಿದ್ದು. ಒಳಗೆ ತುದೀಲಿ ತಂತಿ ನೋಡಿ, ಚೌಕ. ನಿಮ್ಮ ಕಂಪನಿ ಹಾಕಿರ್ತಾರಲ್ಲ, ಅದರಲ್ಲಿ ಈ ತಂತಿ ದುಂಡಗಿರುತ್ತೆ.’

ನೋಡಿದೆ. ಚೌಕ. ಮಕ್ಕಳಿಗೂ ಕಾಣುವಂಥ ಚೌಕ.

‘ಹಾಗಾದ್ರೆ ಮೈಕಿನಲ್ಲಿ ಇರೋದು?’

ಗಿರಾಕಿ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಟ್ಯೂಬಿನ ಮುಖ ನೋಡಿದರು. ‘ಕೆಲವು ಸಲ ಹಳೇ ಟ್ಯೂಬನ್ನ ಕಿತ್ತು ಮತ್ತೆ ಕೂರಿಸಿದ್ರೂ ಸುಧಾರಿಸುತ್ತೆ. ಬುಡದ ಪಿನ್ನಿಗೆ ತುಕ್ಕು ಇರುತ್ತೆ, ಅದು ಹೋಗುತ್ತೆ,’ ಎಂದರು. ಅವರ ಕಡೆಯಿಂದ ಅಷ್ಟು ಸಣ್ಣ ಧ್ವನಿ ನಾನು ಕೇಳಿರಲಿಲ್ಲ.

ಮನೆಗೆ ಬಂದು ಮೈಕ್ ಬಿಚ್ಚಿದೆ. ದುಂಡಗಿದೆ. ಅವತ್ತು ಅಕ್ಷರ ಅಳಿಸಿಕೊಂಡು, ಹನಿ ಹಾಕಲು ಎದ್ದುಹೋಗಿ ಬಂದು, ಯಾವುದು ಬಲಗಡೆ ಯಾವುದು ಎಡಗಡೆ ಎಂದು ಒಂದು ಕ್ಷಣವೂ ಅನುಮಾನಪಡದೆ, ತೆಗೆದ ಟ್ಯೂಬನ್ನೇ ತಿರುಗಿ ಹಾಕಿದ್ದೇನೆ. ಎಲ್ಲದರಲ್ಲೂ ಅನುಮಾನಪಡುವ ನಾನು.

ಹೊಸದನ್ನು ಈಗಲಾದರೂ ಹಾಕಬೇಕೇ? ಇಲ್ಲ. ಸಂಪಾದಕಿ ಒಪ್ಪಿದ್ದು ಹಳೆಯದನ್ನು. ಪುಸ್ತಕದ ನಡುವೆ ಟ್ಯೂಬ್ ಬದಲಿಸಬಾರದು. ಹೊಸದು ಡ್ರಾಯರಿನಲ್ಲಿರಲಿ.

ಮಾರ್ಚ್ 29, ಶನಿವಾರ

ಟ್ಯೂಬ್ ಅಲ್ಲ ಎಂದರೆ ಏನು? ಇದು ತಿಳಿಯದಿದ್ದರೆ ಉಳಿದ ಅಧ್ಯಾಯಗಳು ಮತ್ತೆ ತಣ್ಣಗಾಗಬಹುದು. ಬೆಳಿಗ್ಗೆಯಿಂದ ಯೋಚಿಸಿ, ಕೊನೆಗೂ ಹಿಡಿದೆ: ಹಾಸಿಗೆ. ಮೊದಲ ಸಲ ಓದುವಾಗ ಆ ಮೂಲೆ ಬರಿದಾಗಿತ್ತು, ಗೋಡೆಗೆ ಬಡಿದ ಧ್ವನಿ ತಿರುಗಿ ಮೈಕಿಗೆ ಬರುತ್ತಿತ್ತು. ಈಗ ಅಲ್ಲಿ ದಪ್ಪ ಹಾಸಿಗೆ ಇದೆ, ದಿಂಬು ಇದೆ, ಒಬ್ಬ ಮನುಷ್ಯರೂ ಇದ್ದಾರೆ. ಮನುಷ್ಯರ ಮೈ ಧ್ವನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಓದಿದ್ದೇನೆ.

ಗಂಡನಿಗೆ ವಿವರಿಸಿದೆ. ‘ಅಂದ್ರೆ ನಮ್ಮಮ್ಮ ಒಂದು ಥರ ಕಂಬಳಿ.’

‘ತಮಾಷೆ ಅಲ್ಲ. ಇದು ಅಕೌಸ್ಟಿಕ್ಸ್.’

‘ಸರಿ, ಅಕೌಸ್ಟಿಕ್ಸ್’ ಎಂದು ಹೇಳಿ ಸ್ನಾನಕ್ಕೆ ಹೋದ. ಒಳಗೆ ನಗುತ್ತಿದ್ದದ್ದು ನೀರಿನ ಸದ್ದಿನಲ್ಲೂ ಕೇಳಿಸಿತು.

ಮಾರ್ಚ್ 31, ಸೋಮವಾರ

ಅತ್ತೆಗೆ ಹೊಸ ಕನ್ನಡಕ ಬಂತು. ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರು ಚೀಟಿಯ ಅತಿಸಣ್ಣ ಅಕ್ಷರ ತೋರಿಸಿದರೆ ಅತ್ತೆ ಫಟಫಟ ಓದಿದರು. ‘ಇನ್ನು ಏನು ಬೇಕಾದ್ರೂ ಓದಿ, ಹೊಲೀರಿ’ ಎಂದರು ಡಾಕ್ಟರು. ಆಟೋದಲ್ಲಿ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿಕೊಂಡು ಬಂದರು. ಮನೆಗೆ ಬಂದು ನನ್ನನ್ನು ನೋಡಿ, ‘ನೀನು ಇಷ್ಟು ಸಣ್ಣ ಆಗಿದ್ದೀಯಾ ಅಥವಾ ನನಗೆ ಮುಂಚೆ ಕಾಣ್ತಿರ್ಲಿಲ್ವಾ?’ ಎಂದರು. ಆಮೇಲೆ ಚೀಲ ತೆಗೆದು ಸೀರೆ ಮಡಿಸಿ ತುಂಬತೊಡಗಿದರು.

ಬಾಗಿಲಲ್ಲಿ ನಿಂತೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿಕೊಂಡಿದ್ದೆ.

‘ಅತ್ತೆ, ಪುಸ್ತಕ ಮುಗಿಯೋವರೆಗೆ ಇರಬಹುದಾ? ನೀವು ಹೋದ್ರೆ ಕೋಣೆಯ ಧ್ವನಿ ಬದಲಾಗುತ್ತೆ.’

‘ನಾನು ಉಸಿರು ಕೂಡ ಬಿಡೋದಿಲ್ವಲ್ಲ. ನಾನು ಹೋದ್ರೆ ಏನು ಬದಲಾಗುತ್ತೆ?’

‘ನೀವು ಕೂತಿದ್ರೆ ಮಾರ್ದನಿ ಕಡಿಮೆ. ಹಾಸಿಗೆ ಥರ.’

‘ಹಾಸಿಗೆ ಹೇಗೂ ಇದೆ. ಇನ್ನೊಂದು ತಂದು ಹಾಕು.’

ನಿಜವೇ, ಇನ್ನೊಂದು ಹಾಸಿಗೆ ಹಾಕಿದರೆ ಲೆಕ್ಕಕ್ಕೆ ಸರಿಹೋಗಬೇಕು. ಆದರೂ ಸರಿಹೋಗುವುದಿಲ್ಲ ಎಂದು ಅನ್ನಿಸುತ್ತಿತ್ತು, ಕಾರಣ ಮಾತ್ರ ಹೇಳಲು ಬರಲಿಲ್ಲ. ಬಾಗಿಲಿನ ಚೌಕಟ್ಟಿನ ಬಣ್ಣ ಕೆರೆಯುತ್ತ ನಿಂತಿದ್ದೆ.

‘ಆ ಕಿರಿಸೊಸೆ ಶೆಡ್ಡಿನ ಬೀಗ ಒಡೀತಾಳಾ?’ ಚೀಲದೊಳಗೆ ಮುಖ ಹಾಕಿಕೊಂಡೇ ಕೇಳಿದರು.

‘ಅದು ಮುಂದಿನ ಅಧ್ಯಾಯ. ಪುಸ್ತಕ ಕೊಡ್ಲಾ? ಈಗ ನೀವೇ ಓದಬಹುದು.’ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇರಿ ಎಂದು ಕೇಳಲು ಬಂದವಳು ಪುಸ್ತಕ ಕೊಟ್ಟು ಕಳಿಸುತ್ತಿದ್ದೇನೆ.

ಅತ್ತೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತರು. ‘ನಾನಾ? ಹೊಸ ಕನ್ನಡಕ. ಹೆಚ್ಚು ಓದಿದ್ರೆ ಕಣ್ಣಿಗೆ ದಣಿವು ಅಂದಿದ್ದಾರೆ ಡಾಕ್ಟರು.’

ಡಾಕ್ಟರು ಹಾಗೆ ಹೇಳಿಲ್ಲ. ನಾನು ಪಕ್ಕದಲ್ಲೇ ಇದ್ದೆ.

‘ಹೌದು, ಅಂದ್ರು’ ಎಂದೆ.

ಗೆಳತಿಗೆ ಫೋನು ಹೋಯಿತು. ‘ಇನ್ನೂ ಸ್ವಲ್ಪ ದಿನ ಆಗುತ್ತೆ. ಇಲ್ಲಿ ನನ್ನ ಸೊಸೆಗೆ ಮಾರ್ದನಿ ಬರುತ್ತಂತೆ. ಬಿಳಿ ಗುಂಡಿ ಬೇರೆ, ಹಾಲುಬಿಳಿ ಬೇರೆ, ಮರೀಬೇಡ.’ ಸೀರೆಗಳು ಚೀಲದಿಂದ ತಿರುಗಿ ಕಪಾಟಿಗೆ ಬಂದವು.

ಏಪ್ರಿಲ್ 2, ಬುಧವಾರ

ಬೀಗ ಒಡೆಯುವ ಅಧ್ಯಾಯ ಓದಿದೆ. ಶುರುಮಾಡುವ ಮುಂಚೆ ಅತ್ತೆ ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಟಪ್ ಎಂದು ಮುಚ್ಚಿದರು. ಆ ಸದ್ದು ಮೈಕಿಗೆ ಬೀಳುತ್ತದೆ, ಹೊರಗಿಟ್ಟು ಬನ್ನಿ ಎಂದೆ. ಇಟ್ಟು ಬಂದು, ಗೋಡೆ ತಡವರಿಸುತ್ತ ಬೇಕೆಂದೇ ಕುರುಡಿಯ ಹಾಗೆ ನಟಿಸಿ, ತಮ್ಮ ಜಾಗದಲ್ಲಿ ಕೂತರು.

ಕಿರಿಸೊಸೆ ಬಡಗಿಯ ಬಾಚಿಯನ್ನು ಎತ್ತುವಾಗ ಹೆಬ್ಬೆರಳು ನಿಂತಿತು. ಬೀಗ ಬಿದ್ದು, ಬಾಗಿಲು ತೆರೆದು, ಅರ್ಧ ಕಟ್ಟಿದ ದೋಣಿಯ ಮೇಲೆ ಬಿಸಿಲು ಬಿದ್ದಾಗ ಅತ್ತೆ ‘ಭೇಷ್’ ಎಂದುಬಿಟ್ಟರು. ಆಮೇಲೆ ಬಾಯಿಗೆ ಕೈ. ನನ್ನ ಓದು ನಿಲ್ಲಲಿಲ್ಲ, ನಗುವೊಂದು ಧ್ವನಿಯೊಳಗೇ ಸೇರಿಕೊಂಡು ಮುಂದಿನ ಸಾಲಿಗೆ ಹೋಯಿತು. ಕಿರಿಸೊಸೆಯೂ ಆಗ ನಗುತ್ತಿರಬೇಕು, ಬರೆದವರು ಹಾಗೆ ಬರೆದಿಲ್ಲವಾದರೂ.

ಕೇಳಿ ನೋಡಿದೆ. ಒಂದು ಕಡೆ ಷ ಜಾರಿದೆ. ಹೋಗಲಿ. ‘ಭೇಷ್’ ಕತ್ತರಿಸಬಹುದಿತ್ತು. ಆದರೆ ಮೊದಲಿಂದ ಕೊನೆಯವರೆಗೂ ಹಿಂದೆ ಗುಯ್ ಎಂಬ ಸದ್ದು. ಫ್ರಿಜ್ಜು. ಬೀಗದಕೈ ನನ್ನ ಕೈಚೀಲದಲ್ಲೇ ಇತ್ತು. ಫ್ರಿಜ್ಜನ್ನು ನಾನು ಮರೆತದ್ದು ಇದೇ ಮೊದಲು, ಯಾಕೆಂದು ತಿಳಿಯುತ್ತಿಲ್ಲ. ಪೂರ್ತಿ ಅಧ್ಯಾಯ ಮತ್ತೆ ಓದಬೇಕು.

ಅತ್ತೆಗೆ ಹೇಳಿದೆ.

‘ಒಳ್ಳೇದೇ ಆಯ್ತು ಕಣೇ,’ ಎಂದು ದಿಂಬನ್ನು ತಟ್ಟಿ ಸರಿಮಾಡಿದರು. ‘ನಾಳೆ ಇನ್ನೊಂದ್ಸಲ ಒಡೀತಾಳೆ.’